ಇಂಗ್ಲಿಷ್ ಬರದ ಚಿಕ್ಕಮ್ಮ

ಅವನಿಗೆ ಸ್ಪ್ಯಾನಿಷ್‌ನಲ್ಲಿ ನೆಂಟರು ಯಾರೂ ಇರಲಿಲ್ಲ.

ವ್ಯಾಕರಣವಿತ್ತು. ಸರ್ಟಿಫಿಕೇಟುಗಳಿದ್ದವು. ಹಾಸ್ಟೆಲ್ ಲೈಬ್ರರಿಯಲ್ಲಿ ಬೆನ್ನು ಕಿತ್ತುಹೋಗಿದ್ದ ನಿಘಂಟನ್ನು ಮೊದಲಿನಿಂದ ಕೊನೆಯವರೆಗೆ ಅರೆದು ಕುಡಿದ ತಲೆಯಿತ್ತು. ಆದರೆ ಆ ಭಾಷೆಯಲ್ಲಿ ಅವನನ್ನು ಯಾರೂ ಬೈದಿರಲಿಲ್ಲ, ಊಟಕ್ಕೆ ಎಬ್ಬಿಸಿರಲಿಲ್ಲ, ಜ್ವರ ಬಂದಾಗ ಹಣೆ ಮುಟ್ಟಿ ನೋಡಿರಲಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದ್ದರು, ಅಷ್ಟೆ. ಅವನ ಸ್ಪ್ಯಾನಿಷ್ ಇಸ್ತ್ರಿ ಮಾಡಿ ಮಡಿಸಿಟ್ಟ ಅಂಗಿಯ ಹಾಗಿತ್ತು: ಸುಕ್ಕಿಲ್ಲ, ಯಾರ ಮೈವಾಸನೆಯೂ ಇಲ್ಲ.

ಕಚೇರಿಯಲ್ಲಿ ಅವನನ್ನು ನಿಘಂಟು ಅಂತಲೇ ಕರೆಯುತ್ತಿದ್ದರು. ಕಚೇರಿ ಎಂದರೆ ಟಯರ್ ಅಂಗಡಿಯೊಂದರ ಮೇಲಿನ ಮಹಡಿ. ಕಿಟಕಿ ತೆಗೆದರೆ ರಬ್ಬರ್ ವಾಸನೆ, ಮುಚ್ಚಿದರೆ ಸೆಕೆ. ಯಂತ್ರ ಕೊಂಡಾಗ ಪೆಟ್ಟಿಗೆಯ ತಳದಲ್ಲಿ ಒಂದು ಪುಸ್ತಿಕೆ ಇರುತ್ತದಲ್ಲ, ಯಾರೂ ಓದದೆ ಬಿಸಾಕಿ, ಯಂತ್ರ ಕೆಟ್ಟ ದಿನ ಮನೆಯೆಲ್ಲ ಹುಡುಕುವಂಥದ್ದು, ಅದನ್ನು ಇಂಗ್ಲಿಷಿನಿಂದ ಬೇರೆ ಬೇರೆ ಭಾಷೆಗಳಿಗೆ ಮಾಡಿಕೊಡುವುದು ಅಲ್ಲಿನ ಕೆಲಸ. ಫ್ರೆಂಚಿಗೊಂದು ಮೇಜು, ಜರ್ಮನ್ನಿಗೊಂದು, ಸ್ಪ್ಯಾನಿಷ್‌ಗೊಂದು. ಸ್ಪ್ಯಾನಿಷ್ ಮೇಜಿಗೆ ಅವನನ್ನು ಕೂರಿಸಿದ್ದರೂ ಖಾಯಂ ಮಾಡಿರಲಿಲ್ಲ. ಕೇಳಿದಾಗಲೆಲ್ಲ ಕಚೇರಿಯ ಯಜಮಾನಿ "ನೋಡೋಣ" ಎನ್ನುತ್ತಿದ್ದಳು. ಅವನು ಮಲಗುತ್ತಿದ್ದದ್ದು ಅಕ್ಕನ ಮನೆಯ ಹಾಲಿನಲ್ಲಿ. ಭಾವ ಭಾನುವಾರ ಬೆಳಿಗ್ಗೆ ಅವನ ಹಾಸಿಗೆ ದಾಟಿಕೊಂಡು ಹೋಗುವಾಗ "ಏನಪ್ಪಾ, ಖಾಯಮ್ಮಾ?" ಎಂದು ಕೇಳುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಆದರೆ ತಪ್ಪದೆ ಕೇಳುತ್ತಿದ್ದ.

ಆ ಕಚೇರಿಗೆ ತನ್ನದೇ ಒಂದು ಪದ್ಧತಿಯಿತ್ತು. ಹಿಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ಸದ್ಯ ಯಾವ ಯಂತ್ರದ ಪುಸ್ತಿಕೆ ನಡೆಯುತ್ತಿದೆಯೋ ಆ ಯಂತ್ರ, ಅದರ ಹಿಂದೆ ಕಚೇರಿಯವರೆಲ್ಲ ಚಿಕ್ಕಮ್ಮ ಎಂದು ಕರೆಯುತ್ತಿದ್ದ ಹಿರಿಯ ಹೆಂಗಸು. ಸ್ಪ್ಯಾನಿಷ್‌ಗೆ ತಂದ ಒಂದೊಂದು ವಾಕ್ಯವನ್ನೂ ಯಾರಾದರೂ ಗಟ್ಟಿಯಾಗಿ ಓದಬೇಕು, ಅದು ಹೇಳಿದ ಹಾಗೆ ಚಿಕ್ಕಮ್ಮ ಮಾಡಬೇಕು. ಸರಿಯಾಗಿ ಮಾಡಿದರೆ ವಾಕ್ಯ ಪಾಸು. ತಪ್ಪು ಮಾಡಿದರೆ ಆ ತಪ್ಪು ಚಿಕ್ಕಮ್ಮನದಲ್ಲ, ವಾಕ್ಯದ್ದು.

ಚಿಕ್ಕಮ್ಮ ಸ್ಪ್ಯಾನಿಷ್‌ನಲ್ಲೇ ಹುಟ್ಟಿ ಬೆಳೆದವರು. ಹಡಗಿನ ಮೆಕ್ಯಾನಿಕ್ ಗಂಡನ ಹಿಂದೆ ಈ ಊರಿಗೆ ಬಂದರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ಇಲ್ಲಿನ ಮಾತು ತರಕಾರಿ ಚೌಕಾಸಿಗೆ ಸಾಲುವಷ್ಟು ಗೊತ್ತು. ಇಂಗ್ಲಿಷ್ ಮಾತ್ರ ಒಂದಕ್ಷರ ಬಾರದು, ಅದೇ ಅವರ ವಿದ್ಯಾರ್ಹತೆ. ಮೂಲ ಗೊತ್ತಿಲ್ಲದವರಿಗೆ ಅರ್ಥವಾದರೆ ತಾನೆ ಅನುವಾದ ಸರಿ ಅಂತ ಯಜಮಾನಿಯ ವಾದ. ಅವರಿಗೆ ಇಂಗ್ಲಿಷ್ ಕಲಿಸಲು ಹೋದವರನ್ನು ಮನೆಗೆ ಕಳಿಸುತ್ತೇನೆ ಎಂದು ಎಲ್ಲರಿಗೂ ಹೇಳಿಟ್ಟಿದ್ದಳು.

"ಈ ಊರಲ್ಲಿ ದಡ್ಡಿಯಾಗಿರೋದಕ್ಕೆ ಸಂಬಳ ತಗೊಳ್ಳೋಳು ನಾನೊಬ್ಬಳೇ. ಬುದ್ಧಿ ಬಂದ್ರೆ ಕೆಲಸ ಹೋಗತ್ತೆ," ಎಂದು ಚಿಕ್ಕಮ್ಮ ತಮ್ಮ ಸ್ಪ್ಯಾನಿಷ್‌ನಲ್ಲಿ ಹೇಳಿ ನಗುತ್ತಿದ್ದರು.

ಆ ಕೋಣೆಗೆ ಇದ್ದ ನಿಯಮ ಒಂದೇ: ಬರೆದವನು ಓದಕೂಡದು. ಬರೆದವನು ಓದಿದರೆ ದನಿಯಿಂದ, ಕಣ್ಣಿನಿಂದ ಅರ್ಥ ಸೋರಿಬಿಡುತ್ತದೆ. ಹಾಗಾಗಿ ಅವನ ವಾಕ್ಯಗಳನ್ನು ಓದುತ್ತಿದ್ದದ್ದು ಫ್ರೆಂಚ್ ಮೇಜಿನವಳು. ಸ್ಪ್ಯಾನಿಷ್ ಅವಳಿಗೆ ಓದಲು ಬರುತ್ತಿತ್ತು, ಅರ್ಥ ಅಷ್ಟಕ್ಕಷ್ಟೆ. ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಹಾಗೆ ಏರಿಳಿತವಿಲ್ಲದೆ ಓದಿ ಮುಗಿಸುತ್ತಿದ್ದಳು.

ಅವನ ಮೊದಲ ಕೆಲಸ ತೂಕ ನೋಡುವ ಯಂತ್ರದ್ದು. 'ಕಾಲಿನಿಂದ ಟ್ಯಾಪ್ ಮಾಡಿ' ಎಂದಿತ್ತು ಇಂಗ್ಲಿಷಿನಲ್ಲಿ. ನಲ್ಲಿಯೂ ಟ್ಯಾಪೇ, ಫೋನ್ ಕದ್ದು ಕೇಳುವುದೂ ಟ್ಯಾಪೇ, ಮೆಲ್ಲಗೆ ತಟ್ಟುವುದೂ ಟ್ಯಾಪೇ. ನಿಘಂಟು ಬುದ್ಧಿವಂತ, ನಲ್ಲಿ ಇಲ್ಲಿ ಬರುವುದಿಲ್ಲ ಅಂತ ಅವನಿಗೆ ಗೊತ್ತು. ತಟ್ಟುವುದಕ್ಕೆ 'ಗೋಲ್ಪೆಯಾರ್', ಅಂದರೆ ಹೊಡೆಯುವುದು, ಎಂದು ಹಾಕಿದ. ಫ್ರೆಂಚ್ ಮೇಜಿನವಳು ಓದಿದಳು. ಚಿಕ್ಕಮ್ಮ ಎದ್ದು, ಯಂತ್ರವನ್ನು ನೆಲಕ್ಕಿಳಿಸಿ, ಸೆರಗಿಲ್ಲದ ಗೌನನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, ಅದಕ್ಕೆ ಜಾಡಿಸಿ ಒದ್ದರು. ಅದು ಗೋಡೆಗೆ ಹೋಗಿ ಬಡಿಯಿತು.

"ಅಯ್ಯೋ, ಮೆಲ್ಲಗೆ!" ಎಂದು ಅವನು ಬಾಗಿಲಿನಿಂದ ಕೂಗಿದ.

"ಒದಿ ಅಂತ ಬರ್ದಿದ್ದೀಯ, ಒದ್ದೆ. ಮೆಲ್ಲಗೆ ಅಂತ ಎಲ್ಲಿ ಬರ್ದಿದ್ದೀಯ?"

"ಗೋಡೆ ಮೇಲಿನ ಗುರುತು ಮಾತ್ರ ಖಾಯಂ ಆಯ್ತು, ನಿಘಂಟು," ಎಂದಳು ಫ್ರೆಂಚ್ ಮೇಜಿನವಳು.

ಅವನ ಕಿವಿ ಕೆಂಪಾಯಿತು. ಚಿಕ್ಕಮ್ಮ ಯಂತ್ರವನ್ನು ಎತ್ತಿ ತಂದು ಮೇಜಿನ ಮೇಲಿಟ್ಟು, ಅದರ ಗಾಜನ್ನು ಕೈಯಿಂದ ಒರೆಸಿದರು. "ಮುಂದೆ ಒಬ್ಬಳು ಕೂತಿದ್ದಾಳೆ ಅಂದ್ಕೊಂಡು ಬರಿಯೋ. ನಿಘಂಟಿಗೆ ಕಾಲಿಲ್ಲ, ನನಗಿದೆ," ಎಂದರು.

ಆಮೇಲಾಮೇಲೆ ಅವನು ಮಧ್ಯಾಹ್ನದ ಡಬ್ಬಿ ತೆಗೆದುಕೊಂಡು ಹಿಂದಿನ ಕೋಣೆಗೇ ಹೋಗತೊಡಗಿದ. ಮೊದಲು ನೆಪಕ್ಕೆ ಒಂದು ಪದ ಕೇಳುತ್ತಿದ್ದ, ಆಮೇಲೆ ನೆಪ ಬೇಕಾಗಲಿಲ್ಲ. ಚಿಕ್ಕಮ್ಮ ಅವನ ಅನ್ನದ ಮೇಲೆ ತಮ್ಮ ಮೊಟ್ಟೆ ಇಡುತ್ತಿದ್ದರು. ಬಾಯಿತುಂಬ ಅನ್ನವಿಟ್ಟುಕೊಂಡು ಮಾತಾಡಿದರೆ ಬೈಯುತ್ತಿದ್ದರು. ಆ ಬೈಗುಳಗಳಲ್ಲಿ ಅರ್ಧ ಯಾವ ನಿಘಂಟಿನಲ್ಲೂ ಇರಲಿಲ್ಲ. ಒಮ್ಮೆ ಕೆಮ್ಮುತ್ತ ಬಂದಾಗ ಅಂಗೈಯನ್ನು ಹಣೆಗೂ ಕುತ್ತಿಗೆಗೂ ಇಟ್ಟು ನೋಡಿ, "ಮನೆಗೆ ಹೋಗು. ಯಂತ್ರ ಓಡಿಹೋಗಲ್ಲ," ಎಂದಿದ್ದರು. ಅವನು ಹೋಗದೆ ಅಲ್ಲೇ ಬೆಂಚಿನ ಮೇಲೆ ಮಲಗಿದ್ದ.

ಫ್ರೆಂಚ್ ಮೇಜಿನವಳು ಹೆರಿಗೆಗೆ ರಜೆ ಹಾಕಿದಳು. ಹೋಗುವ ದಿನ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲಿಳಿಯುತ್ತ, "ನಾನಿಲ್ಲ ಅಂತ ನೀನೇ ಓದ್ಬೇಡ. ನಿನ್ನ ಮುಖ ಒಂದು ಕನ್ನಡಿ, ಎಲ್ಲಾ ಕಾಣತ್ತೆ," ಎಂದಳು. ಯಜಮಾನಿಗೆ ಬೇರೊಬ್ಬರನ್ನು ಹುಡುಕಲು ಪುರಸೊತ್ತಿರಲಿಲ್ಲ.

"ಸದ್ಯಕ್ಕೆ ನೀನೇ ಓದು. ಗೋಡೆ ಕಡೆ ತಿರುಗಿ ಕೂತ್ಕೊಂಡು ಓದು," ಎಂದಳು.

ಕೆಲವು ದಿನ ಗೋಡೆಗೇ ಓದಿದ. ಬಣ್ಣ ಎದ್ದುಹೋದ ಗೋಡೆಯ ಒಂದೇ ಜಾಗ ನೋಡುತ್ತ ಓದುವುದು, ಬೆನ್ನ ಹಿಂದೆ ಮೇಜಿನ ಸದ್ದು ಕೇಳುವುದು. ಕೊನೆಗೆ ಚಿಕ್ಕಮ್ಮನೇ ಸಿಡಿಮಿಡಿಗೊಂಡರು. "ನಿನ್ನ ಬೆನ್ನಿನ ಜೊತೆ ನನಗೆ ಮಾತಾಡೋಕಾಗಲ್ಲ. ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹಾಗಿದ್ದೀಯ. ತಿರುಗು ಈ ಕಡೆ." ಅವನು ತಿರುಗಿದ. ತಿರುಗಿದ್ದಕ್ಕೆ ಖುಷಿಯೂ ಆಯಿತು.

ಅಲ್ಲಿಂದ ಮುಂದೆ ಎಲ್ಲ ವಾಕ್ಯಗಳೂ ಪಾಸು. ಹೊಲಿಗೆ ಯಂತ್ರ ಪಾಸು, ಮಡಿಸುವ ಏಣಿ ಪಾಸು, ಗೋಡೆ ಕೊರೆಯುವ ಯಂತ್ರ ಪಾಸು. ತನ್ನ ಸ್ಪ್ಯಾನಿಷ್ ಹದಕ್ಕೆ ಬಂತು ಎಂದು ಅವನು ಎಣಿಸಿದ. ಯಜಮಾನಿಯೂ ಹಾಗೇ ಎಣಿಸಿದಳು. ನಿಜವಾಗಿ ಹದಕ್ಕೆ ಬಂದಿದ್ದು ಚಿಕ್ಕಮ್ಮನ ಕಿವಿ. ಇಷ್ಟು ದಿನ ಒಟ್ಟಿಗೆ ಉಂಡು ಅವನ ತಪ್ಪುಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೆ ಅವನು "ಸೊಲ್ತಾರ್ ಮಾಡಿಕೊಡಿ" ಎನ್ನುತ್ತಿದ್ದ. ಸೊಲ್ತಾರ್ ಎಂದರೆ ಬಿಟ್ಟುಬಿಡುವುದು, ಕಳಚುವುದು. ಅವನು ಹೇಳಬೇಕಾದದ್ದು ಅಫ್ಲೊಹಾರ್, ಸಡಿಲಿಸುವುದು. ಮೊದಮೊದಲು ಚಿಕ್ಕಮ್ಮ ತಿದ್ದಿದರು. ಆಮೇಲೆ ಬಿಟ್ಟರು. ಮಗುವಿನ ತೊದಲು ಮನೆಯವರಿಗೆ ಅಭ್ಯಾಸವಾಗಿ ಮುದ್ದೂ ಆಗಿಬಿಡುತ್ತದಲ್ಲ, ಹಾಗೆ. ವಾಕ್ಯ ಏನು ಹೇಳುತ್ತಿದೆ ಎಂದು ಕೇಳಬೇಕಾದವರು, ಇವನು ಏನು ಹೇಳಬೇಕೆಂದಿದ್ದಾನೆ ಎಂದು ಕೇಳತೊಡಗಿದ್ದರು. ಇಬ್ಬರಿಗೂ ಅದು ಗೊತ್ತಾಗಲಿಲ್ಲ. ಗೊತ್ತಾಗಿದ್ದರೂ ಆ ಮಧ್ಯಾಹ್ನಗಳನ್ನು ಅವರು ಬಿಡುತ್ತಿದ್ದರೆಂದು ಹೇಳುವ ಹಾಗಿಲ್ಲ.

ಆಗ ಬಂತು ಎತ್ತುವ ಯಂತ್ರ. ಹಾಸಿಗೆ ಹಿಡಿದವರನ್ನು ಪಟ್ಟಿಗಳಿಂದ ಬಿಗಿದು, ಮೇಲಕ್ಕೆತ್ತಿ, ಪಕ್ಕದ ಕುರ್ಚಿಗೆ ಕೂರಿಸುವಂಥದ್ದು. ದೊಡ್ಡ ಕಂಪನಿ. ಇದು ಚೆನ್ನಾಗಿ ಆದರೆ ಅವರ ಮಿಕ್ಕ ಯಂತ್ರಗಳೂ ಇಲ್ಲಿಗೇ ಬರುತ್ತವೆ.

"ಇದೊಂದು ತಕರಾರಿಲ್ಲದೆ ಹೋಗ್ಲಿ, ಮೇಜು ನಿಂದೇ," ಎಂದಳು ಯಜಮಾನಿ. 'ನೋಡೋಣ' ಎನ್ನಲಿಲ್ಲ. ಅವನು ಆ ಸಂಜೆಯೇ ಅಕ್ಕನಿಗೆ ಹೇಳಿದ. ಭಾವ ಆ ಭಾನುವಾರ ಹಾಸಿಗೆಯನ್ನು ದಾಟದೆ ಸುತ್ತಿಕೊಂಡು ಹೋದ.

ಆ ಪುಸ್ತಿಕೆಯ ತುಂಬ 'ರಿಲೀಸ್' ಎಂಬ ಪದ. ನಮಗೆ ರಿಲೀಸ್ ಎಂದರೆ ಸಿನಿಮಾ, ಹೆಚ್ಚೆಂದರೆ ಜೈಲು. ಸಿನಿಮಾದ ರಿಲೀಸಿಗೆ ಸ್ಪ್ಯಾನಿಷ್‌ನಲ್ಲಿ ಒಂದು ಪದ, ಕೈದಿಯದಕ್ಕೆ ಇನ್ನೊಂದು, ಹಿಡಿದ ಕೈ ಬಿಡುವುದಕ್ಕೆ ಮತ್ತೊಂದು, ಕೊಕ್ಕೆ ಬಿಚ್ಚುವುದಕ್ಕೆ ಬೇರೆ, ಹಗ್ಗ ಸಡಿಲಿಸುವುದಕ್ಕೆ ಬೇರೆಯೇ. ಈ ಯಂತ್ರದಲ್ಲಿ ಬ್ರೇಕ್ ರಿಲೀಸ್, ಹಿಡಿಕೆ ರಿಲೀಸ್, ಎದೆಪಟ್ಟಿಯೂ ರಿಲೀಸ್. ಮೊದಲಿನವೆರಡಕ್ಕೂ ಸೊಲ್ತಾರ್ ಸರಿಯಾಗಿ ಕೂತಿತು. ಎದೆಪಟ್ಟಿಗೆ ಅವನಿಗೇ ಅನುಮಾನ ಬಂದು ಕಂಪನಿಯ ಎಂಜಿನಿಯರಿಗೆ ಫೋನ್ ಮಾಡಿದ.

"ಬಿಚ್ಚೋದಲ್ಲಪ್ಪಾ, ಸ್ವಲ್ಪ ಸಡಿಲ ಬಿಡೋದು. ಬಿಚ್ಚಿದ್ರೆ ಪೇಶೆಂಟ್ ನೆಲಕ್ಕೇ," ಎಂದ ಎಂಜಿನಿಯರ್. ಆಮೇಲೆ ತಾನಾಗಿಯೇ ಸೇರಿಸಿದ: "ಆದ್ರೆ ನಮ್ಮಲ್ಲಿ ಒಂದು ಕಂಡಿಷನ್ ಇದೆ. ಇಂಗ್ಲಿಷಲ್ಲಿ ಒಂದೇ ಪದ ಇದ್ರೆ ನಿಮ್ಮಲ್ಲೂ ಒಂದೇ ಇರ್ಬೇಕು. ಬದಲಾಯಿಸ್ಬೇಕು ಅಂದ್ರೆ ಕಾರಣ ಬರೆದು ಕಳಿಸಿ, ಮೇಲಿನವರು ನೋಡ್ತಾರೆ."

ಮೇಲಿನವರು ನೋಡುವುದು ಎಂದರೇನೆಂದು ಅವನಿಗೆ ಗೊತ್ತಿತ್ತು. ಯಜಮಾನಿ ಹೇಳಿದ 'ತಕರಾರು' ಅದೇ. ಸೊಲ್ತಾರ್‌ನ ಹೊಟ್ಟೆ ದೊಡ್ಡದು, ಸಡಿಲವೂ ಅದರೊಳಗೆ ಹಿಡಿಸುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಹೇಗಿದ್ದರೂ ಹಿಂದಿನ ಕೋಣೆಯಲ್ಲಿ ಚಿಕ್ಕಮ್ಮ ಇದ್ದಾರಲ್ಲ, ತಪ್ಪಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಪರೀಕ್ಷೆಯ ದಿನ ರೋಗಿಯ ಬದಲು ಸುತ್ತಿದ ಹಾಸಿಗೆಯೊಂದನ್ನು ಪಟ್ಟಿಗಳಲ್ಲಿ ಬಿಗಿದಿದ್ದರು. ಚಿಕ್ಕಮ್ಮ ಅದಕ್ಕೆ ತಮ್ಮ ಸತ್ತ ಗಂಡನ ಹೆಸರಿಟ್ಟು, "ಬದುಕಿದ್ದಾಗ ಇಷ್ಟು ಸುಲಭವಾಗಿ ಏಳ್ತಿರಲಿಲ್ಲ," ಎಂದು ನಗಿಸಿದರು. ಎಲ್ಲ ಸಲೀಸಾಗಿ ನಡೆಯಿತು. ಹಾಸಿಗೆ ಮೇಲೆದ್ದಿತು, ತೂಗಾಡಿತು, ಕುರ್ಚಿಯ ಮೇಲಕ್ಕೆ ಬಂದು ನಿಂತಿತು. ಅವನು ಮುಂದಿನ ವಾಕ್ಯ ಓದಿದ: ಕೆಳಗಿಳಿಸುವ ಮೊದಲು ಎದೆಪಟ್ಟಿಯನ್ನು ಸೊಲ್ತಾರ್ ಮಾಡಿ.

ಚಿಕ್ಕಮ್ಮನ ಬಲಗೈ ಸೀದಾ ಬಕಲ್ಲಿಗೆ ಹೋಯಿತು. ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಕೂತಿತು. ಅಲ್ಲಿಗೆ ನಿಂತಿತು. ಅವರು ತಲೆಯೆತ್ತಿ ಅವನ ಮುಖ ನೋಡಿದರು. ಅವನು ಉಸಿರು ಹಿಡಿದು ಆ ಹೆಬ್ಬೆರಳನ್ನೇ ನೋಡುತ್ತಿದ್ದ. ಅವರ ಮುಖದಲ್ಲಿ ಓಹೋ, ಇದಾ ಎನ್ನುವ ಹಾಗೆ ಒಂದು ನಗೆ ಹಾದುಹೋಯಿತು. ಹೆಬ್ಬೆರಳನ್ನು ಗುಂಡಿಯಿಂದ ತೆಗೆದು, ಪಟ್ಟಿಯ ಬಾಲ ಹಿಡಿದು, ಎರಡು ಬೆರಳಿನಷ್ಟು ಸಡಿಲ ಬಿಟ್ಟರು.

"ಹೀಗೇ ತಾನೆ?"

"ನನ್ನನ್ನ ಕೇಳ್ಬೇಡಿ, ವಾಕ್ಯ ಹೇಳಿದ್ದು ಮಾಡಿ" ಎಂದು ಅವನು ಅನ್ನಬೇಕಿತ್ತು. ಆ ಕೋಣೆ ಇದ್ದದ್ದೇ ಅದಕ್ಕೆ. ಆ ಹೆಬ್ಬೆರಳನ್ನು ಅವನು ನೋಡಿದ್ದ. ಮಾಡಿದ್ದು ಸರಿಯಾಗಿಯೇ ಇದೆಯಲ್ಲ ಎಂದು ಮನಸ್ಸು ಒಳಗಿನಿಂದ ತಳ್ಳಿತು.

"ಸರಿ," ಎಂದ.

ಪುಸ್ತಿಕೆ ಹೋಯಿತು. ಅಚ್ಚು ಹಾಕುವ ಮೊದಲು ಕಂಪನಿಯವರು ತಮ್ಮಲ್ಲೇ ಸ್ಪ್ಯಾನಿಷ್ ಮಾತಾಡುವ ರೋಗಿಗಳ ಮನೆಯವರನ್ನು ಕರೆಸಿ ಯಂತ್ರ ನಡೆಸಿ ನೋಡಿದರು. ರೋಗಿಯ ಜಾಗದಲ್ಲಿ ಕಂಪನಿಯ ನರ್ಸ್ ಒಬ್ಬಳು ಕೂತಿದ್ದಳು. ಯಂತ್ರ ನಡೆಸುತ್ತಿದ್ದ ಹೆಂಗಸು ಪುಸ್ತಿಕೆ ಓದಿ, ಓದಿದ್ದನ್ನು ಚಾಚೂ ತಪ್ಪದೆ ಮಾಡಿ, ಬಕಲ್ ಒತ್ತಿದಳು. ನರ್ಸ್ ಮುಂದಕ್ಕೆ ಜಾರಿ ನೆಲಕ್ಕೆ ಬಿದ್ದಳು. ಕೈ ಊರಿದ್ದರಿಂದ ತಲೆ ಉಳಿಯಿತು, ಮಣಿಕಟ್ಟು ಮುರಿಯಿತು.

ಯಜಮಾನಿ ಕಿರುಚುವವಳಲ್ಲ. ಅವನನ್ನು ಕರೆದು, ಬಾಗಿಲು ಮುಚ್ಚಿ, ಕುರ್ಚಿ ತೋರಿಸಿದಳು.

"ಈ ವಾಕ್ಯ ಹಿಂದಿನ ಕೋಣೆಗೆ ಹೋಗಿತ್ತಾ?"

"ಹೋಗಿತ್ತು."

"ಚಿಕ್ಕಮ್ಮ ಏನು ಮಾಡಿದ್ರು?"

"ಸಡಿಲ ಮಾಡಿದ್ರು. ಸರಿಯಾಗೇ ಮಾಡಿದ್ರು."

"ಸೀದಾ ಮಾಡಿದ್ರಾ? ತಡವರಿಸಿದ್ರಾ?"

ಕೆಳಗೆ ಟಯರಿಗೆ ಗಾಳಿ ತುಂಬುವ ಯಂತ್ರ ಶುರುವಾಯಿತು. ಅದು ನಿಲ್ಲಲಿ ಎಂದು ಇಬ್ಬರೂ ಕಾದರು. ಯೋಚಿಸಲು ಅಷ್ಟು ಹೊತ್ತು ಸಿಕ್ಕಿದ್ದರೂ ಅವನ ಉತ್ತರ ಬದಲಾಗಲಿಲ್ಲ.

"ಇಲ್ಲ. ಸೀದಾ ಮಾಡಿದ್ರು."

ಯಜಮಾನಿ ಪೆನ್ನು ಕೆಳಗಿಟ್ಟಳು. "ಹಂಗಿದ್ರೆ ಅವರ ಕಿವಿ ಹಳಸಿದೆ," ಎಂದಳು. "ಹೊರಗಿನ ಹೆಂಗಸು ಬಕಲ್ ಬಿಚ್ತಾಳೆ, ಇವರು ಬಿಚ್ಚಲ್ಲ ಅಂದ್ರೆ ಇವರು ವಾಕ್ಯ ಕೇಳ್ತಿಲ್ಲ, ನಿನ್ನನ್ನ ಕೇಳ್ತಿದ್ದಾರೆ. ತಪ್ಪು ನಂದೂ ಇದೆ, ನಿನ್ನ ಕೈಲಿ ಓದಿಸಿದ್ದು ನಾನು. ಆದ್ರೆ ಅವರನ್ನ ಇಟ್ಕೊಂಡು ಇನ್ನೇನು ಮಾಡ್ಲಿ?"

ಅವನು ಆಗಲಾದರೂ ಬಾಯಿ ಬಿಡಬಹುದಿತ್ತು. ಕೈ ನಿಂತಿತ್ತು, ಕೋಣೆ ತನ್ನ ಕೆಲಸ ಮಾಡಿತ್ತು, ನೋಡಿಯೂ ಸರಿ ಅಂದವನು ನಾನು ಎಂದು. ಒಂದೇ ಉಸಿರಿನ ಮಾತು. "ಹೌದು ಮೇಡಂ," ಎಂದು ಎದ್ದು ಬಂದ.

ಚಿಕ್ಕಮ್ಮ ಕೊನೆಯ ದಿನ ಮೇಜಿನ ಖಾನೆ ಖಾಲಿ ಮಾಡುತ್ತಿದ್ದರು. ಒಂದು ಚಮಚ, ಉಪ್ಪಿನ ಡಬ್ಬಿ, ಕನ್ನಡಕದ ಪೆಟ್ಟಿಗೆ, ಕೂರಲು ಹಾಕಿಕೊಳ್ಳುತ್ತಿದ್ದ ದಿಂಬು. ಅವನು ದಿಂಬನ್ನು ಚೀಲಕ್ಕೆ ತುರುಕಲು ಕೈ ಹಾಕಿದ. ಅವರು ಬೇಡ ಎನ್ನಲಿಲ್ಲ.

"ನನ್ನ ಕೈ ನಿಂತಿದ್ದನ್ನ ನೀನು ನೋಡ್ದೆ," ಎಂದರು.

"ಹೂಂ."

"ಮೇಡಂಗೆ ಹೇಳ್ಲಿಲ್ಲ."

ಅವನು ದಿಂಬನ್ನು ಇನ್ನೂ ಒಳಗೆ ಒತ್ತಿದ.

"ನನ್ನನ್ನೂ ಕೇಳಿದ್ರು ಕಣೋ. ಕೈ ನಿಲ್ತಾ ಅಂತ. ನಿಲ್ತು ಅಂದಿದ್ರೆ ನಿನ್ನ ಕೆಲಸ ಹೋಗ್ತಿತ್ತು. ಅದಕ್ಕೆ ಇಲ್ಲ ಅಂದೆ. ನೀನ್ಯಾಕೆ ಹೇಳ್ಲಿಲ್ಲ?"

ಇಬ್ಬರ ಕಾರಣವೂ ಒಂದೇ ಆಗಿತ್ತು, ಅವನ ಕೆಲಸ. ಅದನ್ನು ಬಾಯಿಬಿಟ್ಟು ಹೇಳುವಷ್ಟು ದಪ್ಪ ಚರ್ಮ ಅವನಿಗಿರಲಿಲ್ಲ.

"ನಿನ್ನ ಮಾತು ನನಗೆ ಅರ್ಥ ಆಗ್ತಿತ್ತು," ಎಂದರು ಚಿಕ್ಕಮ್ಮ, ಚೀಲದ ಬಾಯಿ ಕಟ್ಟುತ್ತ. "ಅದೇ ತಪ್ಪಾಯ್ತು ನೋಡು. ಅರ್ಥ ಆಗದ ಹಾಗೆ ಇರ್ಬೇಕಿತ್ತು." ಮೆಟ್ಟಿಲಿನವರೆಗೆ ಚೀಲ ಹೊತ್ತುಕೊಡುತ್ತೇನೆ ಎಂದ. ಅವರು ಚೀಲ ಕೊಡಲಿಲ್ಲ.

ಅವನನ್ನು ಖಾಯಂ ಮಾಡಿದರು. ಬೇರೆ ಯಾರೂ ಸಿಗದೆ ಮಾಡಿದರು ಎನ್ನುವುದು ಹೆಚ್ಚು ಸರಿ. ಆ ಕಂಪನಿಯ ಮಿಕ್ಕ ಯಂತ್ರಗಳು ಬರಲಿಲ್ಲ. ಹಿಂದಿನ ಕೋಣೆಯನ್ನು ಟಯರ್ ಅಂಗಡಿಯವನಿಗೆ ಗೋದಾಮಿಗೆ ಬಿಟ್ಟುಕೊಟ್ಟರು. ಅವನು ಅಕ್ಕನ ಮನೆಯಿಂದ ಬೇರೆ ಕೋಣೆಗೆ ಹೋದ. ಭಾವನೇ ಹಾಸಿಗೆ ಹೊತ್ತು ತಂದುಕೊಟ್ಟು, ಬೆನ್ನು ತಟ್ಟಿ, "ಅಂತೂ ಗೆದ್ದೆ," ಎಂದ.

ಚಿಕ್ಕಮ್ಮನಿಗೆ ಮುಖ ತೋರಿಸುವ ಧೈರ್ಯ ಬರಲು ತಿಂಗಳುಗಳೇ ಹಿಡಿದವು. ಅವರೀಗ ಒಂದು ಲಾಂಡ್ರಿಯಲ್ಲಿ ಬಟ್ಟೆ ಮಡಿಸುತ್ತಿದ್ದರು. ಅಂಗಡಿಯ ಹಿಂದೆ, ಬಿಸಿ ಹಬೆಯಲ್ಲಿ, ಬಿಳಿ ಹಾಳೆಯಂಥ ಬೆಡ್‌ಶೀಟುಗಳ ರಾಶಿಯ ಮುಂದೆ ನಿಂತಿದ್ದರು. ಸ್ವಲ್ಪ ಇಳಿದುಹೋಗಿದ್ದರು. ಅವನನ್ನು ಕಂಡು ಮುಖ ತಿರುಗಿಸಲಿಲ್ಲ, ನಕ್ಕರು, ಸ್ಟೂಲು ಎಳೆದು ಹಾಕಿದರು.

"ಬನ್ನಿ, ಕೂತ್ಕೊಳ್ಳಿ," ಎಂದರು.

ಸ್ಪ್ಯಾನಿಷ್‌ನಲ್ಲೂ ನಮ್ಮ ಹಾಗೆ ನೀನು ಬೇರೆ, ನೀವು ಬೇರೆ. ಬಾಯಿ ತಪ್ಪಿ ಬಂದಿರಬೇಕು ಎಂದುಕೊಂಡ. ಅವನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತುಗಳನ್ನು ಹೇಳತೊಡಗಿದ. ನನ್ನ ಕಾರಣದಿಂದ, ಮೇಡಂಗೆ ಈಗಲಾದರೂ, ಎಂದೆಲ್ಲ. ಗಡಿಬಿಡಿಯಲ್ಲಿ ವಾಕ್ಯ ಸಿಕ್ಕುಸಿಕ್ಕಾಯಿತು, ಕ್ರಿಯಾಪದ ತಪ್ಪಿತು, ತಪ್ಪಿದ್ದು ಅವನ ಕಿವಿಗೇ ಕೇಳಿಸಿತು. ಬೈಯುತ್ತಾರೆ ಎಂದು ಕಾದ. ಒಂದು ಬೈಗುಳ ಬಂದಿದ್ದರೂ ಸಾಕಿತ್ತು.

ಚಿಕ್ಕಮ್ಮ ಬೆಡ್‌ಶೀಟಿನ ಅಂಚಿಗೆ ಅಂಚು ಕೂಡಿಸಿ ಮಡಿಸಿದರು. ಅವನು ಹೇಳಿದ್ದು ಸರಿಯಾಗಿ ತಿಳಿಯದವರ ಹಾಗೆ ಒಮ್ಮೆ ತಲೆಯಾಡಿಸಿದರು.

"ನೀವು ನಮ್ಮ ಭಾಷೆ ಚೆನ್ನಾಗಿ ಮಾತಾಡ್ತೀರಿ," ಎಂದರು.

ಅವನು ಇನ್ನು ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದ. ಆಮೇಲೆ ಹೋಗಲಿಲ್ಲ.

ಒಟ್ಟು ಹೋದದ್ದು ಇಷ್ಟು: ಒಬ್ಬ ಗಿರಾಕಿ, ಒಂದು ಕೋಣೆ, ವಾರಕ್ಕೆ ಐದು ಮಧ್ಯಾಹ್ನ, ಒಬ್ಬ ಚಿಕ್ಕಮ್ಮ.